ಹರಳಾಗದೆ ಹೆಪ್ಪುಗಟ್ಟಿದ ನೀರು

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ನಿರ್ವಾತ ಇರಲೇಬೇಕು. ಇಲ್ಲವಾದರೆ ಎಲೆಕ್ಟ್ರಾನುಗಳು ಗಾಳಿಯ ಅಣುಗಳಿಗೆ ಬಡಿದು ಚದರುತ್ತವೆ. ಆದರೆ ನಿರ್ವಾತದಲ್ಲಿ ನೀರು ಆವಿಯಾಗಿಬಿಡುತ್ತದೆ. ಪ್ರೋಟೀನು, ವೈರಸ್‌ಗಳು ಸಹಜ ಸ್ಥಿತಿಯಲ್ಲಿರುವುದೋ ನೀರಿನಲ್ಲಿ! ಹಾಗಾಗಿ ಬಹುಕಾಲ ಅವನ್ನು ಒಣಗಿಸಿ, ಭಾರಲೋಹದ ಲವಣ ಲೇಪಿಸಿ ನೋಡುತ್ತಿದ್ದರು. ಕಾಣುತ್ತಿದ್ದುದು ಹೆಚ್ಚಾಗಿ ಹೊರ ಆಕಾರ ಮಾತ್ರ.

ನೀರನ್ನು ಹೆಪ್ಪುಗಟ್ಟಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಫ್ರೀಜರಿನಲ್ಲಿಟ್ಟು ತೆಗೆದ ಟೊಮೇಟೊ ಮೆತ್ತಗಾಗುವುದನ್ನು ನೋಡಿದ್ದೀರಲ್ಲ? ಹಿಮದ ಹರಳುಗಳು ಬೆಳೆದು ಅದರ ಕೋಶಗಳನ್ನು ಹರಿದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇಂಥ ಹರಳುಗಳು ಎಲೆಕ್ಟ್ರಾನುಗಳನ್ನು ವಿವರ್ತಿಸಿ ಚಿತ್ರವನ್ನೂ ಕೆಡಿಸುತ್ತವೆ. ಆದ್ದರಿಂದ ಅಣುಗಳು ಸಾಲುಗೂಡುವ ಮೊದಲೇ ನೀರು ಗಾಜಿನಂತೆ ಘನವಾಗಬೇಕು. ಅದಕ್ಕೆ ಉಷ್ಣತೆ ಸೆಕೆಂಡಿಗೆ ಲಕ್ಷ ಕೆಲ್ವಿನ್‌ಗೂ ಮೀರಿದ ದರದಲ್ಲಿ ಇಳಿಯಬೇಕು.

1960ರಲ್ಲಿ ಹುಂಬರ್ಟೊ ಫರ್ನಾಂಡೆಸ್ ಮೊರಾನ್ ದ್ರವ ಹೀಲಿಯಮ್ ಬಳಸುವ ಶೀಘ್ರ ಘನೀಕರಣವನ್ನು ವಿವರಿಸಿದರು. 1974ರಲ್ಲಿ ಟೇಲರ್ ಮತ್ತು ಗ್ಲೇಸರ್, ಹೆಪ್ಪುಗಟ್ಟಿಸಿದ ಪ್ರೋಟೀನ್ ಹರಳು ನಿರ್ವಾತದಲ್ಲೂ ತನ್ನ ರಚನೆಯನ್ನು ಉಳಿಸಿಕೊಳ್ಳುವುದೆಂದು ತೋರಿಸಿದರು. ಆದರೆ ನೀರನ್ನೇ ಗಾಜಾಗಿಸುವ ಸರಳ ವಿಧಾನ ಬೇಕಿತ್ತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಜಾಕ್ ಡುಬೊಷೆ ಮತ್ತು ಅಲಾಸ್ಡೇರ್ ಮ್ಯಾಕ್‌ಡೊವಾಲ್ 1981ರಲ್ಲಿ ಅದನ್ನು ಪ್ರಕಟಿಸಿದರು. ಅವರು ಆರಿಸಿದ್ದು ಈಥೇನ್‌ನಂಥ ದ್ರವ.

77 ಕೆಲ್ವಿನ್‌ನ ದ್ರವ ನೈಟ್ರೋಜನ್ ಏಕೆ ಸಾಲದು? ನಮ್ಮ ಕಕ್ಕೇರಾ ಕಡೆ ಜೋಳದ ರೊಟ್ಟಿಯ ಹಂಚು ಚೆನ್ನಾಗಿ ಕಾದಾಗ ನೀರು ಚಿಮುಕಿಸಿದರೆ ಹನಿಗಳು ಥಟ್ಟನೆ ಆರದೆ ಉರುಳಾಡುತ್ತವೆ. ಹನಿಯ ಕೆಳಗಿನ ಆವಿಯ ಪದರ ಶಾಖವನ್ನು ತಡೆಯುತ್ತದೆ. ಇದು ಲೈಡನ್‌ಫ್ರಾಸ್ಟ್ ಪರಿಣಾಮ. ಕುದಿಬಿಂದುವಿನಲ್ಲೇ ಇರುವ ನೈಟ್ರೋಜನ್, ಮಾದರಿ ತಗುಲಿದೊಡನೆ ಕುದಿದು ಅದರ ಸುತ್ತ ಇಂಥದೇ ಅನಿಲದ ಹೊದಿಕೆಯನ್ನು ಹಾಸುತ್ತದೆ. ಈಥೇನ್ ಕರಗುವುದು ಸುಮಾರು 90 ಕೆಲ್ವಿನ್‌ನಲ್ಲಿ, ಕುದಿಯುವುದು ಸುಮಾರು 184ರಲ್ಲಿ. ನೈಟ್ರೋಜನ್‌ನಿಂದ ತಂಪಾಗಿಸಿದ ಈಥೇನ್ ಕುದಿಯದೆ ಶಾಖವನ್ನು ಸೆಳೆದುಕೊಳ್ಳುತ್ತದೆ. ಹೆಚ್ಚು ಬೆಚ್ಚಗಿನ ದ್ರವವೇ ಬೇಗ ತಂಪಾಗಿಸಿತು!

1984ರ ವೇಳೆಗೆ ಇದೇ ತಂಡ ಜಾಲರಿಯ ಮೇಲಿನ ಹನಿಯನ್ನು ಫಿಲ್ಟರ್ ಕಾಗದದಿಂದ ಹೀರಿ, ಉಳಿದ ತೆಳುಪೊರೆಯನ್ನು ಈಥೇನ್‌ಗೆ ಅದ್ದಿ ವೈರಸ್‌ಗಳ ಸ್ಪಷ್ಟ ಚಿತ್ರ ಪಡೆಯಿತು. 2017ರಲ್ಲಿ ಡುಬೊಷೆ, ಜೋಕಿಮ್ ಫ್ರಾಂಕ್, ರಿಚರ್ಡ್ ಹೆಂಡರ್ಸನ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲಿ ರಾಷ್ಟ್ರೀಯ ಕ್ರಯೋ ಸೂಕ್ಷ್ಮದರ್ಶಕ ಸೌಲಭ್ಯ ಆರಂಭವಾದದ್ದೂ ಅದೇ ವರ್ಷ. 2020ರಲ್ಲಿ ಕೊರೋನಾ ವೈರಸ್ಸಿನ ಮುಳ್ಳು ಪ್ರೋಟೀನಿನ ರಚನೆಯನ್ನು ಕೆಲವೇ ವಾರಗಳಲ್ಲಿ ತಿಳಿಸಿದ್ದೂ ಇದೇ ವಿಧಾನ.

ಉಷ್ಣತೆಯೇ ಬೇರೆ, ಶಾಖ ಹರಿಯುವ ವೇಗವೇ ಬೇರೆ. ಶಿಕ್ಷಕರೇ, ಈ ವ್ಯತ್ಯಾಸವನ್ನು ಕಲಿಸುವಾಗ 77 ಮತ್ತು 90 ಕೆಲ್ವಿನ್‌ನ ಈ ಎರಡು ದ್ರವಗಳನ್ನು ಮಕ್ಕಳ ಮುಂದಿಟ್ಟು, ಯಾವುದು ಬೇಗ ತಂಪಾಗಿಸೀತು ಎಂದು ಮೊದಲು ಅವರನ್ನೇ ಕೇಳಿ ನೋಡಿ.