ಸ್ತ್ರೀಯರ ಕಾಯಕವೂ ಅದರ ಪ್ರತಿಫಲವೂ

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಹಲವರ ಹೆಸರುಗಳು ಅವರವರ ಕೆಲಸದೊಡನೆ ಬೆಸೆದುಕೊಂಡಿವೆ. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂಬಲ್ಲಿ ಅಕ್ಕಿಯನ್ನು ಆಯುವುದು, ನೂಲನ್ನು ತೆಗೆಯುವುದು, ಭತ್ತವನ್ನು ಕುಟ್ಟುವುದು ಇವೇ ಅವರ ಗುರುತು. ಇವು ಮನೆಯ ಮೂಲೆಯಲ್ಲಿ ನಡೆದು ಯಾರ ಲೆಕ್ಕಕ್ಕೂ ಬಾರದೆ ಹೋಗುವ ಕೆಲಸಗಳೇ ಸರಿ. ಅಂಥವು ಹೆಸರಾಗಿ ನಿಂತುದು ನಾಡಿನ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದ ಬಳಿಕ ಶರಣ ಶರಣೆಯರ ಮಾತು ಓದುವ ಜನರೆಲ್ಲರ ಕೈಗೆ ಬರುವಂತಾಯಿತು.

ಲಕ್ಕಮ್ಮನ ವೃತ್ತಾಂತವು ಸರ್ವವಿದಿತವಾದುದು. ಪತಿಯಾದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳು. ಇದನ್ನು ನಿರಾಶೆಗೆ ದೃಷ್ಟಾಂತವಾಗಿ ಎತ್ತಿಹೇಳುವುದು ರೂಢಿ. ಆದರೆ ಆ ದಿನಕ್ಕೆ ಸಲ್ಲತಕ್ಕ ಅಳತೆ ಯಾವುದೆಂಬುದನ್ನು ಬಲ್ಲವಳು ಅಡುಗೆ ಮಾಡಿ ಜಂಗಮರಿಗೆ ನೀಡುತ್ತಿದ್ದ ಲಕ್ಕಮ್ಮನೇ ಎಂಬುದನ್ನೂ ಗಮನಿಸಬೇಕು. ಹೆಚ್ಚಿನದು ಬೇಡವೆಂದ ಆಕೆ ತನ್ನ ಪಾಲೇ ಬೇಡವೆಂದವಳಲ್ಲ. ಕಾಯಕದಿಂದ ಬಂದುದು ಕೈಯಲ್ಲಿದ್ದುದರಿಂದಲೇ ಅವಳ ದಾಸೋಹವು ನಡೆಯಿತು. ಹೆಂಗಸರ ದುಡಿಮೆಯನ್ನು ಸೇವೆಯೆಂದು ಕೊಂಡಾಡಿ ಕೂಲಿಯ ಮಾತನ್ನು ಮರೆಸುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಮುಂದಿನ ಶತಮಾನಗಳಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ತಂದುಕೊಡುತ್ತಿದ್ದ ಕೆಲಸಗಳಲ್ಲಿ ನೂಲುವುದು ಮುಖ್ಯವಾಗಿತ್ತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಬೆಂಗಳೂರಿನ ಕಡೆಯ ನೂಲುವ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಬಡ ಹೆಂಗಸರು ವಾರದ ಸಂತೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹತ್ತಿಯನ್ನು ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ಮತ್ತೆ ಸಂತೆಯಲ್ಲಿಯೇ ನೇಕಾರರಿಗೆ ಮಾರುತ್ತಿದ್ದರು. ಲಾಭವು ಅಲ್ಪವೇ ಆಗಿದ್ದಿರಬೇಕು. ಆದರೂ ಹತ್ತಿಯೂ ಅವಳದು, ನೂಲೂ ಅವಳದು, ಬೆಲೆಯ ಮಾತನ್ನಾಡುವ ಬಾಯಿಯೂ ಅವಳದೇ. ಗಿರಣಿಯ ನೂಲು ಬಂದಮೇಲೆ ಈ ಸಂತೆಯ ವ್ಯವಹಾರವು ಕ್ಷೀಣಿಸಿತು. ನೇಕಾರನಿಗೆ ಬೇರೆ ನೂಲಾದರೂ ದೊರೆಯಿತು. ನೂಲುವವಳಿಗೆ ಅದರ ಬದಲು ಏನೂ ದೊರೆಯಲಿಲ್ಲ. ನಂಜನಗೂಡಿನ ಕಡೆಯ ಬದನವಾಳಿನಲ್ಲಿ ಖಾದಿಯ ಕೇಂದ್ರವು ಏರ್ಪಟ್ಟು ಹೆಂಗಸರು ಪುನಃ ರಾಟೆಯ ಮುಂದೆ ಕುಳಿತರು. ಆದರೆ ಖಾದಿಯ ಬೆಲೆ ಏರದಂತೆ ನೋಡುವ ಭರದಲ್ಲಿ ನೂಲುವವಳ ಕೂಲಿ ತೀರ ಕೆಳಗೇ ಉಳಿದಿತ್ತು. ಇದನ್ನು ಗಾಂಧೀಜಿಯವರೇ ಅನ್ಯಾಯವೆಂದು ಕಂಡುಕೊಂಡು, 1935ರಲ್ಲಿ ಅಖಿಲ ಭಾರತ ಚರಕಾ ಸಂಘವು ನೂಲುವವರಿಗೆ ಜೀವನಕ್ಕೆ ಸಾಲುವಷ್ಟು ಕೂಲಿ ಸಲ್ಲಬೇಕೆಂದು ನಿರ್ಣಯಿಸುವಂತೆ ಮಾಡಿದರು. ದೇಶಸೇವೆಯ ಹೆಸರಿನಲ್ಲಿಯೂ ಬಡವಳ ಕೂಲಿಯನ್ನು ಕಡಿಮೆ ಮಾಡಲಾಗದೆಂದು ದೇಶಸೇವಕರೇ ಒಪ್ಪಿಕೊಂಡ ಈ ಪ್ರಸಂಗವು ಸ್ಮರಣೀಯವಾದುದು.

ಸ್ವಾತಂತ್ರ್ಯಾನಂತರ ಸರಕಾರವೇ ಹೆಂಗಸರಿಗೆ ಕೆಲಸ ಕೊಡುವ ಯಜಮಾನನಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದನ್ನು ತಿ. ನರಸೀಪುರದಲ್ಲಿ ತೊಡಗಿದರು. ಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಉಣಬಡಿಸಿ, ತೂಕ ನೋಡಿ, ಅಕ್ಷರದ ಮೊದಲ ಪರಿಚಯ ಮಾಡಿಸಿ, ಬಸುರಿ ಬಾಣಂತಿಯರ ಲೆಕ್ಕವಿಟ್ಟು, ಸರಕಾರದ ಹತ್ತೆಂಟು ದಾಖಲೆಗಳನ್ನು ತುಂಬುವವಳಿಗೆ ಕಾರ್ಯಕರ್ತೆಯೆಂದು ಹೆಸರಿಟ್ಟರು. ಅವಳಿಗೆ ಕೊಡುವ ಹಣಕ್ಕೆ ಗೌರವಧನವೆಂದು ಹೆಸರು. ಈ ಶಬ್ದವು ಕಿವಿಗೆ ಇಂಪಾಗಿದೆ. ಆದರೆ ಸಂಬಳವೆಂದಿದ್ದರೆ ಅದರ ಬೆನ್ನಿಗೆ ರಜೆ, ಬಡ್ತಿ, ನಿವೃತ್ತಿವೇತನಗಳೂ ಬರಬೇಕಾಗುತ್ತಿತ್ತು. ಗೌರವದ ಬೆನ್ನಿಗೆ ಅಂಥದೇನೂ ಬರಬೇಕಾಗಿಲ್ಲ. 2005ರ ಆರೋಗ್ಯ ಯೋಜನೆಯಿಂದ ಬಂದ ಆಶಾ ಕಾರ್ಯಕರ್ತೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸ್ವಯಂಸೇವಕಿಯೆಂದು ಕರೆದು, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಪ್ರೋತ್ಸಾಹಧನವೆಂದು ಗೊತ್ತುಮಾಡಿದರು.

ಈ ಹೆಸರುಗಳ ಪರಿಣಾಮವು ನ್ಯಾಯಾಲಯದಲ್ಲಿ ಸ್ಪಷ್ಟವಾಗಿ ಕಂಡಿತು. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯು ಸರಕಾರದ ಸಿವಿಲ್ ಹುದ್ದೆಯಲ್ಲಿರುವವಳಲ್ಲವೆಂದು ತೀರ್ಪಿತ್ತಿತು. 2017ರ ಮಾರ್ಚಿಯಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಸಾವಿರಾರು ಕಾರ್ಯಕರ್ತೆಯರೂ ಸಹಾಯಕಿಯರೂ ಬೆಂಗಳೂರಿನ ಬೀದಿಯಲ್ಲಿ ಹಗಲಿರುಳು ಕುಳಿತರು.

ದುಡಿಮೆಗೆ ಬೆಲೆ ಕಟ್ಟುವ ಅಭ್ಯಾಸವು ಮನೆಯಲ್ಲಿಯೇ ಇಲ್ಲವಾದಾಗ ಹೊರಗೆ ಹೇಗೆ ಬಂದೀತು? 2024ರಲ್ಲಿ ಸರಕಾರವು ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನವೊಂದಕ್ಕೆ ಸರಾಸರಿ 289 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು 88 ನಿಮಿಷಗಳನ್ನೂ ಕಳೆಯುತ್ತಿದ್ದರು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿಗಳು ಬರುವುದನ್ನು ಭಕ್ತರೆಲ್ಲರೂ ಬಲ್ಲರು. ಅವನ್ನು ತಟ್ಟಿದ ಕೈಗಳು ಸಂತೋಷದಿಂದಲೇ ತಟ್ಟಿರುತ್ತವೆ. ಅದು ನಿಜವಾದ ದಾಸೋಹ, ಕೂಲಿಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೂ ಅವು ಇಂಥ ಊರಿನ ರೊಟ್ಟಿಗಳೆಂದು ಹೇಳಿಸಿಕೊಳ್ಳುತ್ತವೆಯೇ ಹೊರತು ಇಂಥವಳ ರೊಟ್ಟಿಗಳೆಂದಲ್ಲ.

2022ರ ಏಪ್ರಿಲ್ ತಿಂಗಳಲ್ಲಿ ಗುಜರಾತಿನ ಮೊಕದ್ದಮೆಯೊಂದನ್ನು ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು, 1972ರ ಉಪದಾನ ಕಾಯಿದೆಯು ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುವುದೆಂದು ತೀರ್ಮಾನಿಸಿತು. ಅವರಿಗೆ ಸಲ್ಲುವ ಗೌರವಧನವು ಆ ಕಾಯಿದೆಯ ಮಟ್ಟಿಗೆ ಕೂಲಿಯೇ ಎಂಬ ಮಾತು ಆ ತೀರ್ಪಿನಲ್ಲಿದೆ. ಯೋಜನೆಯು ಆರಂಭವಾಗಿ ಅಷ್ಟು ಹೊತ್ತಿಗೆ 46 ವರ್ಷಗಳು ಕಳೆದಿದ್ದುವು.