ಒದ್ದೆ ಗೋಡೆಯ ಚರಿತ್ರೆ



ಚರಿತ್ರೆ ಎಂದೊಡನೆ ನಿಮ್ಮ ಕಣ್ಣಮುಂದೆ ರಾಜರು, ಯುದ್ಧಗಳು, ಕೋಟೆಕೊತ್ತಲಗಳು ಬರುವುದು ಸಹಜ. ಆದರೆ ಮನುಷ್ಯ ತಾನು ವಾಸಿಸುವ ಮನೆಯ ಗೋಡೆ ಒದ್ದೆಯಾಗಿ ಬೂಷ್ಟು ಹಿಡಿದಾಗ ಏನು ಮಾಡಿದ ಎಂಬುದಕ್ಕೂ ಒಂದು ಚರಿತ್ರೆಯಿದೆ. ಮಳೆಗಾಲದಲ್ಲಿ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಪೆಟ್ಟಿಗೆಯ ಬಟ್ಟೆ, ಚಪ್ಪಲಿ, ಪುಸ್ತಕದ ರಟ್ಟು ಬೂಷ್ಟು ಹಿಡಿಯುವುದನ್ನು ನೀವು ಕಂಡಿರಬಹುದು. ಅದು ಅಷ್ಟು ಸಾಮಾನ್ಯವಾದುದರಿಂದಲೇ ನಾವು ಅದರ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಗೋಡೆಯನ್ನು ಪರೀಕ್ಷಿಸಬೇಕಾದವರು ಯಾರು? ಅವರು ಏನನ್ನು ಹುಡುಕಬೇಕು? ದೋಷ ಕಂಡರೆ ಸರಿಪಡಿಸುವ ಹೊಣೆ ಯಾರದು? ಈ ಮೂರು ಪ್ರಶ್ನೆಗಳನ್ನು ಹಿಡಿದು ಹಿಂದಕ್ಕೆ ಹೋಗೋಣ.

ಯಾಜಕನ ಪರೀಕ್ಷೆ

ಮನೆಯ ಗೋಡೆಯನ್ನು ಪರೀಕ್ಷಿಸುವ ಕ್ರಮವನ್ನು ಬರಹದಲ್ಲಿ ವಿವರವಾಗಿ ಹೇಳುವ ಬಹು ಹಳೆಯ ಗ್ರಂಥಗಳಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡವೂ ಒಂದು. ಅದರ 14ನೆಯ ಅಧ್ಯಾಯದಲ್ಲಿ ಈ ವಿಷಯ ಬರುತ್ತದೆ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಛಾಯೆಯ ಕಲೆ ಕಂಡರೆ ಮನೆಯೊಡೆಯ ಯಾಜಕನಿಗೆ ತಿಳಿಸಬೇಕು. ಯಾಜಕ ಮೊದಲು ಮನೆಯನ್ನು ಖಾಲಿ ಮಾಡಿಸುತ್ತಾನೆ. ಕಲೆ ಗೋಡೆಯ ಮೇಲ್ಮೈಗಿಂತ ಆಳಕ್ಕೆ ಇಳಿದಿದೆಯೇ ಎಂದು ನೋಡುತ್ತಾನೆ. ಇಳಿದಿದ್ದರೆ ಮನೆಯನ್ನು ಏಳು ದಿನ ಮುಚ್ಚಿಸಿ, ಏಳನೆಯ ದಿನ ಮತ್ತೆ ಬಂದು ನೋಡುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಹಾಕಬೇಕು. ಒಳಗಿನ ಗಾರೆ ಕೆರೆದು, ಬೇರೆ ಕಲ್ಲಿಟ್ಟು, ಹೊಸ ಗಾರೆ ಬಳಿಯಬೇಕು. ಆಮೇಲೂ ಕಲೆ ಮರಳಿದರೆ ಮನೆಯನ್ನೇ ಕೆಡವಬೇಕು.

ಇಲ್ಲಿ ಹೇಳಿರುವುದು ಧಾರ್ಮಿಕ ಶುದ್ಧಿಯ ಮಾತು, ವೈದ್ಯಶಾಸ್ತ್ರವಲ್ಲ. ಆ ಕಲೆ ಬೂಷ್ಟೇ ಆಗಿರಬಹುದೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಅದೇನೇ ಇರಲಿ, ಆ ಕ್ರಮವನ್ನು ಗಮನಿಸಿ. ಒಮ್ಮೆ ನೋಡಿ ತೀರ್ಪು ಕೊಡುವುದಿಲ್ಲ; ಕಾದು, ಮತ್ತೆ ನೋಡಿ, ಕಲೆ ಬೆಳೆಯುತ್ತಿದೆಯೇ ಎಂದು ತಿಳಿದ ಮೇಲೆಯೇ ಮುಂದಿನ ಹೆಜ್ಜೆ.

ರೋಮಿನ ಗಾರೆ

ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದ. ಅವನ ಗಮನ ಕಲೆಯ ಮೇಲಲ್ಲ, ನೀರಿನ ಮೇಲೆ. ತೇವದ ಜಾಗದಲ್ಲಿ ನೆಲದಿಂದ ಸುಮಾರು ಮೂರು ಅಡಿಯವರೆಗೆ ಮರಳಿನ ಬದಲು ಸುಟ್ಟ ಮಣ್ಣಿನ ಚೂರುಗಳ ಪುಡಿ ಬೆರೆಸಿದ ಗಾರೆ ಬಳಿಯಬೇಕೆಂದು ಅವನು ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಬರೆದಿದ್ದಾನೆ. ತೇವ ಹೆಚ್ಚಿದ್ದರೆ ಒಳಗೆ ಇನ್ನೊಂದು ತೆಳು ಗೋಡೆ ಕಟ್ಟಿ, ನಡುವೆ ಜಾಗ ಬಿಟ್ಟು, ಗಾಳಿಯಾಡಲು ಕಿಂಡಿಗಳನ್ನಿಡಬೇಕೆಂದೂ ಹೇಳಿದ್ದಾನೆ. ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸುವ ಈ ವಿದ್ಯೆ ನಮಗೂ ಹೊಸದಲ್ಲ. ಅದೇ ನಮ್ಮ ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆ ನಿಂತಿರುವುದೂ ಸುರ್ಕಿ ಗಾರೆಯ ಮೇಲೆಯೇ.

ನೆಲಮಾಳಿಗೆಯ ಬದುಕು

ಈಗ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಬರೋಣ. ಕೈಗಾರಿಕಾ ಕ್ರಾಂತಿಯ ನಂತರ ಲಿವರ್‌ಪೂಲ್ ನಗರದಲ್ಲಿ ಸಾವಿರಾರು ಬಡವರು ನೆಲದಡಿಯ ಒದ್ದೆ ಮಾಳಿಗೆಗಳಲ್ಲಿ ವಾಸಿಸುತ್ತಿದ್ದರು. 1847ರಲ್ಲಿ ಡಾ. ವಿಲಿಯಂ ಹೆನ್ರಿ ಡಂಕನ್ ಆ ನಗರದ ಆರೋಗ್ಯಾಧಿಕಾರಿಯಾದರು. ಬ್ರಿಟನ್ನಿನಲ್ಲಿ ಅಂಥ ಹುದ್ದೆಗೆ ಬಂದವರಲ್ಲಿ ಅವರೇ ಮೊದಲಿಗರು. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆಂದು ಆಗ ನಂಬಲಾಗಿತ್ತು. ಸಿದ್ಧಾಂತ ತಪ್ಪಾಗಿದ್ದರೂ, ಇಂಥ ಜಾಗ ವಾಸಕ್ಕೆ ಯೋಗ್ಯವಲ್ಲ ಎಂಬ ತೀರ್ಮಾನ ಸರಿಯಾಗಿತ್ತು. ತನಿಖೆ ನಡೆಯಿತು, ಮಾಳಿಗೆಗಳಿಂದ ಜನರನ್ನು ಎಬ್ಬಿಸಲಾಯಿತು. ಆದರೆ ಅವರು ಹೋಗುವುದೆಲ್ಲಿಗೆ? ನಗರಸಭೆ ತಾನೇ ಮನೆಗಳನ್ನು ಕಟ್ಟಿದ್ದು 1869ರಲ್ಲಿ. ಪರೀಕ್ಷೆಯೊಂದೇ ಸಾಲದು, ಪರಿಹಾರವೂ ಬೇಕು ಎಂಬ ಪಾಠ ಇಲ್ಲಿದೆ.

ದೀಪದ ಬತ್ತಿಗೆ ಎಣ್ಣೆ ಏರುವಂತೆ ನೆಲದ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಗೆ ಏರುತ್ತದೆ. ಅದನ್ನು ತಡೆಯಲು ತಳಪಾಯದ ಮೇಲೆ ಸ್ಲೇಟು ಕಲ್ಲು, ಡಾಂಬರು ಅಥವಾ ಸೀಸದ ಪದರ ಹಾಕುವ ರೂಢಿ ಬಂತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ, 1877ರ ಮಾದರಿ ಉಪವಿಧಿಗಳಲ್ಲಿ ಈ ಪದರಕ್ಕೆ ಸ್ಥಾನ ದೊರೆಯಿತು. ಇಂದು ನಮ್ಮ ಇಂಜಿನಿಯರುಗಳು 'ಡಿ.ಪಿ.ಸಿ.' ಎನ್ನುವುದು ಇದನ್ನೇ.

ಕಲೆಯ ಹಿಂದಿನ ನೀರು

ಬೂಷ್ಟು ಎಂಬುದು ಶಿಲೀಂಧ್ರ. ಅದರ ಬೀಜಕಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಪ್ರಯೋಗದ ತಟ್ಟೆಯಲ್ಲಿ ಬೆಳೆದು ಪೆನಿಸಿಲಿನ್ ಶೋಧಕ್ಕೆ ಕಾರಣವಾದದ್ದೂ ಒಂದು ಬೂಷ್ಟೇ. ಬೀಜಕಗಳನ್ನು ಪೂರ್ತಿ ತಡೆಯಲಾಗದು. ಅವುಗಳಿಗೆ ನೀರು ಸಿಗದಂತೆ ಮಾಡಬಹುದು. ಆದ್ದರಿಂದ ಬಲ್ಲ ಪರೀಕ್ಷಕ ನೀರಿನ ದಾರಿಯನ್ನು ಹುಡುಕುತ್ತಾನೆ. ತೇವ ಕೆಳಗಿನಿಂದ ಏರಿದೆಯೇ? ಬಿರುಕಿನಿಂದಲೋ ಸೋರುವ ಕೊಳವೆಯಿಂದಲೋ ಒಳಬಂದಿದೆಯೇ? ಅಥವಾ ಅಡುಗೆಯ, ಸ್ನಾನದ ಆವಿ ತಣ್ಣನೆಯ ಮೂಲೆಯಲ್ಲಿ ಹನಿಗಟ್ಟಿದೆಯೇ? ತೇವಮಾಪಕದ ಎರಡು ಮೊಳೆಗಳನ್ನು ಚುಚ್ಚಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂದೂ ನೋಡುತ್ತಾನೆ. ಗೋಡೆಯಲ್ಲಿ ಉಪ್ಪಿನಂಶವಿದ್ದರೆ ಈ ಉಪಕರಣ ದಾರಿ ತಪ್ಪಿಸಬಹುದು. ಆದ್ದರಿಂದ ಅದರ ಅಂಕಿಯೊಂದನ್ನೇ ನಂಬುವಂತಿಲ್ಲ.

ವಿಜ್ಞಾನಕ್ಕೂ ಇಲ್ಲಿ ಎಚ್ಚರ ಬೇಕಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1993-94ರಲ್ಲಿ ಕೆಲವು ಹಸುಳೆಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ, ಒದ್ದೆ ಮನೆಗಳ ಒಂದು ಕಪ್ಪು ಬೂಷ್ಟೇ ಕಾರಣವೆಂದು ಶಂಕಿಸಲಾಯಿತು. 2000ದಲ್ಲಿ ಮರುಪರಿಶೀಲನೆ ನಡೆಸಿದ ಅಲ್ಲಿನ ರೋಗನಿಯಂತ್ರಣ ಸಂಸ್ಥೆ, ಆ ಸಂಬಂಧ ಸಾಬೀತಾಗಿಲ್ಲ ಎಂದಿತು. ಹಾಗೆಂದು ಬೂಷ್ಟು ನಿರಪಾಯಕಾರಿ ಎಂದಲ್ಲ. ಒದ್ದೆ ಮನೆಗೂ ಉಬ್ಬಸ ಮತ್ತಿತರ ಉಸಿರಾಟದ ತೊಂದರೆಗಳಿಗೂ ಸಂಬಂಧವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿತು.

ಒಂದು ಮಗುವಿನ ಹೆಸರಿನ ಕಾನೂನು

2020ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನ ನಡುವೆ ಬಹುಕಾಲ ಇದ್ದುದರಿಂದ ಉಂಟಾದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಮಗುವಿನ ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಕಲೆಯ ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಬಂದಿತ್ತು. ಬಾಡಿಗೆದಾರರ ಜೀವನಕ್ರಮದಿಂದಲೇ ತೇವ ಬಂದಿದೆ ಎಂದು ಮನೆಯ ಒಡೆತನದ ಸಂಸ್ಥೆ ಭಾವಿಸಿತ್ತು.

ಆ ಬಳಿಕ 2023ರ ಕಾಯ್ದೆಯಲ್ಲಿ 'ಅವಾಬ್‌ನ ಕಾನೂನು' ಸೇರಿತು. 2025ರ ಅಕ್ಟೋಬರ್ 27ರಿಂದ ಅದರ ಮೊದಲ ಹಂತ ಜಾರಿಗೆ ಬಂತು. ಸಾಮಾಜಿಕ ವಸತಿಯ ಮಾಲೀಕರು ತುರ್ತು ಅಪಾಯವನ್ನು 24 ಗಂಟೆಯೊಳಗೆ ನಿವಾರಿಸಬೇಕು. ತೇವ, ಬೂಷ್ಟಿನ ಗಂಭೀರ ದೂರಾದರೆ 10 ಕೆಲಸದ ದಿನಗಳಲ್ಲಿ ಪರೀಕ್ಷಿಸಿ, ಪರೀಕ್ಷೆ ಮುಗಿದ ಮೇಲೆ 5 ಕೆಲಸದ ದಿನಗಳಲ್ಲಿ ಮನೆಯನ್ನು ಸುರಕ್ಷಿತಗೊಳಿಸಬೇಕು.

ಯಾಜಕಕಾಂಡದ ಯಾಜಕನೂ ದಿನಗಳನ್ನು ಎಣಿಸಿದ್ದ. ಅಷ್ಟು ಪ್ರಾಚೀನ ಕಾಲದಲ್ಲೇ ಹೊಳೆದಿದ್ದ ಸಂಗತಿ, ಅಂದರೆ ಗೋಡೆಯನ್ನು ಹೋಗಿ ನೋಡಲು ಒಬ್ಬ ಹೊಣೆಗಾರನೂ ಒಂದು ಗಡುವೂ ಬೇಕೆಂಬುದು, ಒಂದು ಮಗುವಿನ ಸಾವಿನ ನಂತರ ಮತ್ತೆ ಕಾನೂನಾಗಬೇಕಾಯಿತು. ಮುಂದಿನ ಮಳೆಗಾಲದಲ್ಲಿ ನಿಮ್ಮ ಮನೆಯ, ಶಾಲೆಯ, ವಿದ್ಯಾರ್ಥಿನಿಲಯದ ಗೋಡೆಯಲ್ಲಿ ಕಲೆ ಕಂಡರೆ ಸುಣ್ಣ ಬಳಿಯುವ ಮುನ್ನ ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ದಿನಾಂಕ ಬರೆದಿಡಿ. ಏಳು ದಿನ ಬಿಟ್ಟು ನೋಡಿ. ಕಲೆ ಗೆರೆ ದಾಟಿದ್ದರೆ, ನೀರು ಎಲ್ಲಿಂದ ಬರುತ್ತಿದೆ ಎಂದು ಹಿರಿಯರನ್ನು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.