ನೇಗಿಲು ನಮ್ಮದು, ಎತ್ತು ಯಾರದು?

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರಗಳೂ ಕಿಟಕಿಗಳೂ ಬರುವ ಮೊದಲು ಅಲ್ಲಿ ಇದ್ದದ್ದು ಒಂದು ಖಾಲಿ ಸಾಲು ಮಾತ್ರ. ಮನುಷ್ಯ ಆ ಸಾಲಿನಲ್ಲಿ ಒಂದು ಆಜ್ಞೆ ಟೈಪ್ ಮಾಡುತ್ತಿದ್ದ, ಯಂತ್ರ ಅದರ ಕೆಳಗೆ ಉತ್ತರ ಕೊಡುತ್ತಿತ್ತು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು. ಮೌಸ್ ಬಂದ ಮೇಲೆ ಜನಸಾಮಾನ್ಯರು ಇದನ್ನು ಮರೆತರು, ತಂತ್ರಾಂಶ ಬರೆಯುವವರು ಮರೆಯಲಿಲ್ಲ. ಈಗ ಕೃತಕ ಬುದ್ಧಿಮತ್ತೆಯೂ ಇದೇ ಹಳೆಯ ಸಾಲಿಗೆ ಬಂದು ಕುಳಿತಿದೆ. 'ಈ ಪಟ್ಟಿಯಲ್ಲಿ ದಿನಾಂಕ ತಪ್ಪಾಗಿ ಬರುತ್ತಿದೆ, ಸರಿಮಾಡು' ಎಂದು ಸಾದಾ ಮಾತಿನಲ್ಲಿ ಬರೆದರೆ, ಅದು ಫೈಲುಗಳನ್ನು ಓದಿ, ತಪ್ಪಿರುವ ಜಾಗವನ್ನು ಹುಡುಕಿ ತಿದ್ದುತ್ತದೆ. ಇಂಥ ಸಹಾಯಕಗಳಲ್ಲಿ ಕೆಲವು ಕಂಪೆನಿಗಳ ಬೀಗದೊಳಗಿನ ಸೊತ್ತು. ಇನ್ನು ಕೆಲವನ್ನು ಯಾರು ಬೇಕಾದರೂ ಬಿಚ್ಚಿ ನೋಡಿ ತಮಗೆ ಹೊಂದುವಂತೆ ಬದಲಿಸಿಕೊಳ್ಳಬಹುದು. ಈ ಎರಡನೆಯ ಬಗೆಯದರ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಒಂದು ಜಗಳವಿದೆ. ಉಪಕರಣದ ಮೇಲೆ ಹಕ್ಕು ಮಾಡಿದವನದೋ, ಅದರಿಂದ ದುಡಿಯುವವನದೋ ಎಂಬ ಜಗಳ ಅದು. ನಾವಿಲ್ಲಿ ಹೇಳಹೊರಟಿರುವುದು ಆ ಜಗಳದ ಕಥೆಯನ್ನು.

ಕದ್ದು ಓದಿದ ಪುಸ್ತಕ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆಗ ಕಂಪ್ಯೂಟರಿನೊಡನೆ ಮಾತಾಡಲು ಬಳಕೆಯಲ್ಲಿದ್ದದ್ದು ಟೆಲಿಟೈಪ್. ಕಾಗದದ ಮೇಲೆ ಟಪಟಪ ಅಚ್ಚೊತ್ತುವ ನಿಧಾನದ ಯಂತ್ರ. ಯುನಿಕ್ಸಿನ ಹಲವು ಆಜ್ಞೆಗಳು ಎರಡು ಮೂರು ಅಕ್ಷರದವಾಗಿರುವುದನ್ನು ನೋಡಿದರೆ ಆ ಕಾಲದ ಮಿತವ್ಯಯ ಅರ್ಥವಾಗುತ್ತದೆ. ಅದೇ ಸಂಸ್ಥೆಯ ಡಗ್ ಮೆಕಿಲ್‌ರಾಯ್ ಒಂದು ತಂತ್ರಾಂಶದ ತುದಿಗೆ ಇನ್ನೊಂದನ್ನು ತೋಟದ ನೀರಿನ ಪೈಪಿನಂತೆ ಜೋಡಿಸುವಂತಿರಬೇಕು ಎಂದು 1964ರಲ್ಲೇ ಟಿಪ್ಪಣಿ ಬರೆದಿದ್ದರು. 1973ರಲ್ಲಿ ಅದು ಯುನಿಕ್ಸಿನಲ್ಲಿ ಕೈಗೂಡಿತು. ಒಂದೊಂದು ಉಪಕರಣವೂ ಚಿಕ್ಕದಾಗಿರಲಿ, ಒಂದೇ ಕೆಲಸ ಮಾಡಲಿ, ಜೋಡಿಸಿಕೊಳ್ಳುವುದು ಬಳಸುವವನ ಜಾಣ್ಮೆಗೆ ಬಿಟ್ಟದ್ದು ಎಂಬ ನೀತಿ ಅಲ್ಲಿಂದ ಬೆಳೆಯಿತು.

ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ ಅಂಡ್ ಟಿ ಕಂಪೆನಿಯು ಸರಕಾರದ ಜೊತೆ 1956ರಲ್ಲಿ ಮಾಡಿಕೊಂಡ ಒಪ್ಪಂದದಿಂದಾಗಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸಿನ ಸೋರ್ಸ್ ಕೋಡ್, ಅಂದರೆ ಅದರ ಮೂಲ ಬರಹ, ವಿಶ್ವವಿದ್ಯಾನಿಲಯಗಳಿಗೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಜಾನ್ ಲಯನ್ಸ್ 1970ರ ದಶಕದ ಮಧ್ಯದಲ್ಲಿ ಅದರ ಸುಮಾರು 9,000 ಸಾಲುಗಳಿಗೆ ಒಂದು ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಹಳೆಯ ಗ್ರಂಥಕ್ಕೆ ಟೀಕು ಬರೆಯುವ ಪಂಡಿತರ, ಷರಹ್ ಬರೆಯುವ ಉಸ್ತಾದರ ಕೆಲಸವೇ ಇದು. ಆದರೆ 1979ರ ಏಳನೆಯ ಆವೃತ್ತಿಯ ಜೊತೆಗೆ ಕಂಪೆನಿ ಹೊಸ ಕರಾರು ತಂದಿತು: ಈ ಕೋಡನ್ನು ತರಗತಿಯಲ್ಲಿ ಪಾಠ ಮಾಡಕೂಡದು. ಲಯನ್ಸರ ವ್ಯಾಖ್ಯಾನ ಫೋಟೋಕಾಪಿಯ ಫೋಟೋಕಾಪಿಯಾಗಿ, ಅಕ್ಷರಗಳು ಮಸುಕಾಗಿ, ಕೈಯಿಂದ ಕೈಗೆ ದಾಟಿತು. ಅದು ರಾಜಾರೋಷವಾಗಿ ಅಚ್ಚಾದದ್ದು 1996ರಲ್ಲಿ. ಆ ಹೊತ್ತಿಗೆ ಒಂದು ತಲೆಮಾರು ಅದನ್ನು ಕದ್ದು ಓದಿಯೇ ಕಲಿತಿತ್ತು.

ಮುಫ್ತ್ ಬೇರೆ, ಆಜಾದ್ ಬೇರೆ

1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡಾಗ ಕೆಲಸ ಕೊಟ್ಟವರಿಗೆ ಸುದ್ದಿ ಮುಟ್ಟುವಂತೆ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ರಿಚರ್ಡ್ ಸ್ಟಾಲ್‌ಮನ್ ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡಲು ಕೋಡ್ ಕೇಳಿದರೆ, ಅದನ್ನು ಹೊಂದಿದ್ದವರು ಕೊಡಲಿಲ್ಲ. ಯಾರಿಗೂ ತೋರಿಸುವುದಿಲ್ಲವೆಂದು ಕಂಪೆನಿಗೆ ಬರೆದುಕೊಟ್ಟಿದ್ದರು. ಕೆಟ್ಟಿದ್ದು ಏನೆಂದು ಗೊತ್ತಿದೆ, ರಿಪೇರಿ ಮಾಡಲು ಕೈಯೂ ಬರುತ್ತದೆ, ಆದರೆ ಮುಚ್ಚಳ ತೆರೆಯುವ ಹಕ್ಕಿಲ್ಲ. 1983ರಲ್ಲಿ ಸ್ಟಾಲ್‌ಮನ್ 'ಗ್ನೂ' ಯೋಜನೆಯನ್ನು ಸಾರಿದರು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು. ತಂತ್ರಾಂಶವನ್ನು ಬಳಸುವ, ಓದುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಉಂಟು, ಆದರೆ ಪಡೆದವನು ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು ಎಂಬುದು ಅದರ ತಿರುಳು.

ಇಂಗ್ಲಿಷಿನಲ್ಲಿ 'ಫ್ರೀ' ಎಂದರೆ ಬಿಟ್ಟಿಯೂ ಹೌದು, ಸ್ವತಂತ್ರವೂ ಹೌದು. ಈ ಗೊಂದಲವನ್ನು ಬಿಡಿಸಲು ಅವರು ವರ್ಷಗಟ್ಟಲೆ ಭಾಷಣ ಮಾಡಬೇಕಾಯಿತು. ಉರ್ದುವಿನಲ್ಲಿ ಮುಫ್ತ್ ಬೇರೆ, ಆಜಾದ್ ಬೇರೆ. ಕನ್ನಡದಲ್ಲೂ ಪುಕ್ಕಟೆ ಬೇರೆ, ಮುಕ್ತ ಬೇರೆ. ಈ ಎರಡೂ ಭಾಷೆಗಳಲ್ಲಿ ಬರೆಯುವವರಿಗೆ ಬೀಗದ ಕಷ್ಟವೂ ಹೊಸದಲ್ಲ. ಯೂನಿಕೋಡ್ ನೆಲೆಯೂರುವ ಮುನ್ನ ಒಂದೊಂದು ತಂತ್ರಾಂಶಕ್ಕೂ ಅದರದ್ದೇ ಅಕ್ಷರ ಸಂಕೇತ. ಒಂದು ಡಿಟಿಪಿ ಅಂಗಡಿಯಲ್ಲಿ ಕೂಡಿಸಿದ ಕಥೆ ಇನ್ನೊಂದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬ ಚಿಕ್ಕೆ, ಗೀಟು, ಅರ್ಥವಿಲ್ಲದ ರೋಮನ್ ಅಕ್ಷರ. ಕಥೆ ಲೇಖಕನದು, ಕೀಲಿಕೈ ಬೇರೆಯವರದು.

1991ರಲ್ಲಿ ಫಿನ್ಲೆಂಡಿನ 21ರ ಹರೆಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿ ಮರುವರ್ಷ ಅದನ್ನು ಜಿಪಿಎಲ್‌ಗೆ ಒಪ್ಪಿಸಿದರು. ಆದರೆ ಸಾವಿರಾರು ಜನರ ತಿದ್ದುಪಡಿಗಳ ಲೆಕ್ಕವಿಡಲು 2002ರಿಂದ ಲಿನಕ್ಸ್ ಬಳಗ ಬಳಸಿದ್ದು ಬಿಟ್‌ಕೀಪರ್ ಎಂಬ, ಮುಕ್ತವಲ್ಲದ ತಂತ್ರಾಂಶವನ್ನು. ಅದು ಪುಕ್ಕಟೆಯಾಗಿ ಸಿಗುತ್ತಿತ್ತು, ಅಷ್ಟೇ. 2005ರಲ್ಲಿ ಮನಸ್ತಾಪ ಬೆಳೆದು ಕಂಪೆನಿ ಆ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಟೊರ್ವಾಲ್ಡ್ಸ್ ಕೂತು ಕೆಲವೇ ವಾರಗಳಲ್ಲಿ 'ಗಿಟ್' ಬರೆದರು. ಮುಫ್ತ್ ಸಿಕ್ಕಿದ್ದು ಆಜಾದ್ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ಕಾಣದು. ಇಂದು ಜಗತ್ತಿನ ಬಹುಪಾಲು ತಂತ್ರಾಂಶ ತಿದ್ದುಪಡಿಯ ದಾಖಲೆ ಇರುವುದು ಗಿಟ್‌ನಲ್ಲೇ.

ಸಹಾಯಕ ಬಂದ ಬಗೆ

ಗಿಟ್ ಆಧರಿಸಿ 2008ರಲ್ಲಿ ಹುಟ್ಟಿದ ಗಿಟ್‌ಹಬ್, ಮುಕ್ತ ತಂತ್ರಾಂಶಗಳ ದೊಡ್ಡ ಸಂತೆಯಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಓಪನ್‌ಎಐ ಸಂಸ್ಥೆಯ ಕೋಡೆಕ್ಸ್ ಮಾದರಿಯ ಬಲದಿಂದ ಕೋಡ್ ಬರೆದುಕೊಡುವ ಕೋಪೈಲಟ್ ಅಲ್ಲಿ ಕಾಣಿಸಿಕೊಂಡು, ಮರುವರ್ಷ ತಿಂಗಳಿಗೆ 10 ಡಾಲರಿಗೆ ಮಾರಾಟಕ್ಕೆ ಬಂತು. ಅದು ಕಲಿತದ್ದು ಜನ ಹಂಚಿಕೊಂಡಿದ್ದ ಕೋಡಿನಿಂದ. ಊರವರೆಲ್ಲ ಸೇರಿ ತೋಡಿದ ಬಾವಿಯ ನೀರು ಬಾಟಲಿಯಲ್ಲಿ ಬಂದಂತೆ ಹಲವರಿಗೆ ಕಂಡಿತು. 2022ರ ನವೆಂಬರಿನಲ್ಲಿ ಕೆಲವರು ಅಮೆರಿಕದ ಕೋರ್ಟಿಗೆ ಹೋದರು. ಅವರ ಬಹುಪಾಲು ವಾದಗಳನ್ನು ಕೆಳಗಿನ ಕೋರ್ಟು ತಳ್ಳಿಹಾಕಿತು.

2023ರ ಮಾರ್ಚಿನಲ್ಲಿ ಬಿಟ್‌ಕೀಪರಿನ ಕಥೆ ಬೇರೆ ವೇಷದಲ್ಲಿ ಮರಳಿತು. ಕೋಡೆಕ್ಸ್ ಮಾದರಿಯನ್ನು ನೇರವಾಗಿ ಬಳಸುವ ದಾರಿಯನ್ನು ಕೆಲವೇ ದಿನಗಳಲ್ಲಿ ಮುಚ್ಚುವುದಾಗಿ ಓಪನ್‌ಎಐ ತಿಳಿಸಿತು. ಅದನ್ನು ನಂಬಿ ಪ್ರಯೋಗ ನಡೆಸಿದ್ದ ಸಂಶೋಧಕರು ಆಕ್ಷೇಪವೆತ್ತಿದ ಮೇಲೆ ಅವರಿಗಷ್ಟೇ ಬಾಗಿಲು ತೆರೆದಿಟ್ಟಿತು.

ಅದೇ ವರ್ಷ ಪಾಲ್ ಗೋತಿಯೆ 'ಏಡರ್' ಎಂಬ ಮುಕ್ತ ಸಹಾಯಕವನ್ನು ಹೊರತಂದರು. ಅದು ಕಮಾಂಡ್ ಲೈನಿನಲ್ಲೇ ಕೆಲಸ ಮಾಡುತ್ತದೆ, ಸ್ವತಃ ಬುದ್ಧಿವಂತವಲ್ಲ. ಬಳಸುವವನ ಮಾತನ್ನೂ, ಬೇಕಾದ ಫೈಲುಗಳನ್ನೂ, ಇಡೀ ಯೋಜನೆಯ ಒಂದು ಸಂಕ್ಷಿಪ್ತ ನಕ್ಷೆಯನ್ನೂ ಕಟ್ಟಿ ಯಾವುದಾದರೂ ಭಾಷಾ ಮಾದರಿಗೆ ಕಳಿಸುತ್ತದೆ. ಬಂದ ಉತ್ತರವನ್ನು ಫೈಲಿಗೆ ಇಳಿಸುತ್ತದೆ. ಆ ಮಾದರಿ ಓಪನ್‌ಎಐಯದಾಗಬಹುದು, ಆಂಥ್ರೋಪಿಕ್‌ನದಾಗಬಹುದು, ಚೀನಾದ ಡೀಪ್‌ಸೀಕ್ ಆಗಬಹುದು, ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಓಡುವ ಚಿಕ್ಕದೊಂದಾಗಬಹುದು. ಒಂದು ಮಾದರಿ ಯೋಚಿಸಿ ಹೇಳಿ, ಇನ್ನೊಂದು ಅದನ್ನು ಬರೆಯುವ ಏರ್ಪಾಡು 2024ರಲ್ಲಿ ಬಂತು. ಯಾವ ಶೈಲಿಯಲ್ಲಿ ಕೋಡ್ ಇರಬೇಕು, ಯಾವ ಭಾಷೆಯಲ್ಲಿ ಉತ್ತರಿಸಬೇಕು ಎಂಬುದನ್ನೂ ಬಳಸುವವನೇ ಬರೆದಿಡಬಹುದು. ಮಾಡಿದ ಪ್ರತಿ ತಿದ್ದುಪಡಿಯನ್ನೂ ಏಡರ್ ಗಿಟ್‌ನಲ್ಲಿ ದಾಖಲಿಸುತ್ತದೆ. ಬೇಡವೆನಿಸಿದರೆ ಒಂದು ಆಜ್ಞೆಯಿಂದ ಹಿಂದಕ್ಕೆ ಹೋಗಬಹುದು. ಆ ದಾಖಲೆಯಿಂದಲೇ ತನ್ನ ಹೊಸ ಆವೃತ್ತಿಗಳಲ್ಲಿ ತಾನೇ ಬರೆದುಕೊಂಡ ಕೋಡ್ ಎಷ್ಟೆಂದು ಅದು ಪ್ರಕಟಿಸುತ್ತದೆ. ಹಲವು ಆವೃತ್ತಿಗಳಲ್ಲಿ ಅದು ಅರ್ಧಕ್ಕಿಂತ ಹೆಚ್ಚು. 2025ರಲ್ಲಿ ಓಪನ್‌ಎಐ ಮತ್ತು ಗೂಗಲ್ ಕೂಡ ತಮ್ಮ ಕಮಾಂಡ್ ಲೈನ್ ಸಹಾಯಕಗಳ ಕೋಡನ್ನು ತೆರೆದಿಟ್ಟವು. ಓಪನ್‌ಕೋಡ್‌ನಂಥ, ಹಲವು ಮಾದರಿಗಳೊಡನೆ ಹೊಂದಿಕೊಳ್ಳುವ ಮುಕ್ತ ಸಹಾಯಕಗಳೂ ಹೆಚ್ಚಿದವು.

ಅರ್ಧ ಬಿಡುಗಡೆ

ಹಾಗಾದರೆ ಜಗಳ ಮುಗಿಯಿತೇ? ನಮಗೆ ಹಾಗನ್ನಿಸುವುದಿಲ್ಲ. ಸಹಾಯಕ ನೇಗಿಲಿದ್ದಂತೆ, ಅದನ್ನು ಎಳೆಯುವ ಎತ್ತು ಭಾಷಾ ಮಾದರಿ. ನೇಗಿಲು ನಮ್ಮದಾದರೂ ಎತ್ತು ಬಾಡಿಗೆಯದು. ಮಾದರಿಗಳ ಬಾಡಿಗೆಯನ್ನು ಟೋಕನ್ ಎಂಬ ಚೂರುಗಳ ಲೆಕ್ಕದಲ್ಲಿ ವಸೂಲು ಮಾಡುತ್ತಾರೆ. ಇಂಗ್ಲಿಷಿನ ಒಂದು ವಾಕ್ಯಕ್ಕಿಂತ ಅದೇ ಅರ್ಥದ ಕನ್ನಡ ವಾಕ್ಯ ಸಾಮಾನ್ಯವಾಗಿ ಹೆಚ್ಚು ಚೂರಾಗುತ್ತದೆ. ಹೊಸ ಮಾದರಿಗಳಲ್ಲಿ ಈ ಅಂತರ ತಗ್ಗಿದ್ದರೂ ಅಳಿದಿಲ್ಲ. ಅಂದರೆ ತನ್ನ ಭಾಷೆಯಲ್ಲಿ ಯೋಚಿಸುವವನು ಹೆಚ್ಚು ತೆರಬೇಕು.

ಡೀಪ್‌ಸೀಕ್ ತನ್ನ ಆರ್1 ಮಾದರಿಯನ್ನು 2025ರ ಜನವರಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿತು. ಆದರೆ ಅದು ಯಾವ ಬರಹಗಳಿಂದ ಕಲಿಯಿತೆಂಬುದನ್ನು ಬಿಚ್ಚಿಡಲಿಲ್ಲ. ಇಡೀ ಮಾದರಿಯನ್ನು ಓಡಿಸಲು ಬೇಕಾದ ಯಂತ್ರಗಳು ಸಾಮಾನ್ಯರ ಕೈಗೆಟುಕುವವಲ್ಲ. ಮನೆಯಲ್ಲಿ ಓಡುವ ಚಿಕ್ಕ ಮಾದರಿಗಳ ಕಸುವು ಕಡಿಮೆ. ಹೀಗಿದ್ದರೂ ಮುಕ್ತ ಸಹಾಯಕದ ಬೆಲೆ ದೊಡ್ಡದು. ಒಬ್ಬ ಸಾಹುಕಾರ ಬಾಡಿಗೆ ಏರಿಸಿದರೆ ಅಥವಾ ಎತ್ತನ್ನು ಹಿಡಿದಿಟ್ಟುಕೊಂಡರೆ, ನೇಗಿಲು ಬದಲಿಸದೆ ಇನ್ನೊಬ್ಬನ ಎತ್ತು ಹೂಡಬಹುದು. ಬೀಗ ಹಾಕಿದ ಸಹಾಯಕವನ್ನು ನಂಬಿದವನಿಗೆ ಆ ದಾರಿ ಕಂಪೆನಿ ಬಿಟ್ಟಷ್ಟೇ.

ಇನ್ನೊಂದು ಅಪಾಯಕ್ಕೆ ಯಾವ ಕಂಪೆನಿಯೂ ಹೊಣೆಯಲ್ಲ. ಲಯನ್ಸರ ಶಿಷ್ಯರು 9,000 ಸಾಲುಗಳನ್ನು ಒಂದೊಂದಾಗಿ ಓದಿ ಕಸುಬು ಕಲಿತರು. ಅಷ್ಟು ಸಾಲುಗಳನ್ನು ಇಂದಿನ ಸಹಾಯಕ ಕೆಲವೇ ದಿನಗಳಲ್ಲಿ ಬರೆದುಬಿಡಬಲ್ಲದು. ಬೆಂಗಳೂರಿನಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಅದನ್ನೆಲ್ಲ ಓದದೆ 'ಆಗಲಿ' ಎಂದು ಒಪ್ಪಿಗೆ ಒತ್ತಿದರೆ, ಕೋಡ್ ತೆರೆದಿದ್ದೂ ಅವಳ ಪಾಲಿಗೆ ಮುಚ್ಚಿದಂತೆಯೇ. ಸ್ಟಾಲ್‌ಮನ್ ಜಗಳವಾಡಿದ್ದು ಓದುವ, ತಿದ್ದುವ ಹಕ್ಕಿಗಾಗಿ. ಹಕ್ಕನ್ನು ಪರವಾನಗಿ ಪತ್ರ ಕೊಡಬಲ್ಲದು, ಓದುವ ಅಭ್ಯಾಸವನ್ನು ಕೊಡಲಾರದು. ಪ್ರತಿ ತಿದ್ದುಪಡಿಯೂ ಗಿಟ್‌ನಲ್ಲಿ ಸಾಲುಸಾಲಾಗಿ ಬಿದ್ದಿರುತ್ತದೆ. ಮುಂದಿನ ಹೆಜ್ಜೆ ಇಡುವ ಮುನ್ನ ಅದನ್ನು ತೆರೆದು, ಏನು ಬದಲಾಯಿತು, ಏಕೆ ಬದಲಾಯಿತು ಎಂದು ಕೇಳುವ ಶಿಸ್ತನ್ನು ನಮ್ಮ ಕಾಲೇಜುಗಳೂ ಕಚೇರಿಗಳೂ ಎಳೆಯರಿಗೆ ಕಲಿಸಲಿ. ಒಂದು ತಲೆಮಾರು ಮಸುಕಾದ ಫೋಟೋಕಾಪಿಯಲ್ಲಿ ಕಣ್ಣು ನೆಟ್ಟು ಗಳಿಸಿದ್ದನ್ನು ನಾವು ಅಸಡ್ಡೆಯಿಂದ ಕಳೆದುಕೊಳ್ಳಬಾರದು.